ಬಿಡು ಎಂಬ ಕೂಗು

ಬ್ಯಾಡ್ಮಿಂಟನ್ ಶಟಲ್, ಮರದ ನೆಲಕ್ಕೆ ಬಿದ್ದಾಗ ಹೆಚ್ಚು ಸದ್ದಾಗುವುದಿಲ್ಲ. ಹೂವೊಂದು ತೊಟ್ಟು ಕಳಚಿ ಬಿದ್ದಷ್ಟೇ. ಆದರೆ ಅಂಕಣದ ಎಡಗಡೆ, ಹಿಂದಿನ ಮೂಲೆಯಲ್ಲಿ, ಬಿಳಿಯ ಗೆರೆಗಳು ಒಂದನ್ನೊಂದು ಕೂಡುವ ಜಾಗದಲ್ಲಿ ಯಾರೂ ಮುಟ್ಟದೆ ಬಿದ್ದ ಶಟಲ್‌ನ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆ ಹೊತ್ತಿನಲ್ಲಿ ನಾನು ನೆಟ್ಟಿನ ಬಳಿ ಇರುತ್ತಿದ್ದೆ. ತಿರುಗಿ ನೋಡಿದರೆ ನರಹರಿಯವರು ಅದರಿಂದ ತುಸುದೂರದಲ್ಲಿ ಬ್ಯಾಟನ್ನು ಇಳಿಬಿಟ್ಟುಕೊಂಡು, ಅದು ಬೀಳುವುದನ್ನೇ ನೋಡುತ್ತ ನಿಂತಿರುತ್ತಿದ್ದರು. ಮುಖದಲ್ಲಿ ಸೋತ ಕಳೆ ಇರುತ್ತಿರಲಿಲ್ಲ. ಯಾರಿಗೋ ದಾರಿ ಬಿಟ್ಟುಕೊಟ್ಟವರ ಸಮಾಧಾನವಿರುತ್ತಿತ್ತು.

ನಮ್ಮೂರಿನಲ್ಲಿ ನರಹರಿ ಎಂಬ ಹೆಸರನ್ನು ಯಾರೂ ಒಂಟಿಯಾಗಿ ಹೇಳುತ್ತಿರಲಿಲ್ಲ. ನರಹರಿ-ಜಯಶೀಲ ಎಂದೇ ಹೇಳಬೇಕು. ಡಬಲ್ಸ್ ಆಟದಲ್ಲಿ ಅವರಿಬ್ಬರನ್ನು ಸೋಲಿಸಬಲ್ಲವರು ದೇಶದಲ್ಲೇ ಇಲ್ಲ ಎಂಬ ಕಾಲವೊಂದಿತ್ತು. ಒಮ್ಮೆ ಪಕ್ಕದ ಊರಿನ ಶಾಲೆಯವರು ಬಹುಮಾನ ಹಂಚಲು ಅವರನ್ನು ಕರೆದಿದ್ದರಂತೆ. ಅದು ಒಬ್ಬನೇ ಮನುಷ್ಯನ ಹೆಸರೆಂದು ತಿಳಿದಿದ್ದ ಹೆಡ್‌ಮಾಸ್ತರರು ಒಂದೇ ಹಾರ ತರಿಸಿದ್ದರು. ಒಂದೇ ಸೈಕಲ್ಲಿನಿಂದ ಇಬ್ಬರು ಇಳಿದದ್ದನ್ನು ಕಂಡು ಅವರು ಕಂಗಾಲಾದಾಗ, ಇವರಿಬ್ಬರೂ ತಲೆಗೆ ತಲೆ ಹಚ್ಚಿ ಅದೇ ಹಾರದೊಳಗೆ ತೂರಿಕೊಂಡು ನಿಂತರಂತೆ. ಈ ಕತೆಯನ್ನು ಇಬ್ಬರೂ ಹೇಳುತ್ತಿದ್ದರು. ಅರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು.

ಜಯಶೀಲರದು ಎಡಗೈ ಆಟ. ಬಲಗೈಯವರಿಗೆ ಅತಿ ಕಷ್ಟವಾದ ಆ ಎಡಮೂಲೆ ಅವರಿಗೆ ಮನೆಯಂಗಳದಂತೆ. ಶಟಲ್ ಅತ್ತ ಏರುತ್ತಿದ್ದಂತೆ “ಬಿಡು!” ಎಂದು ಕೂಗುವರು. ನರಹರಿ ಬಿಡುವರು. ಮರುಕ್ಷಣ ಜಯಶೀಲರ ಹೊಡೆತ ಎದುರಾಳಿಗಳ ಕಾಲ ಬಳಿ ಸಿಡಿದಿರುತ್ತಿತ್ತು. ಹುಡುಗರಾಗಿದ್ದಾಗಿನಿಂದ ಕೂಡಿ ಆಡಿದವರು. ಆ ಮೂಲೆಗೆ ಓಡುವ ಅಗತ್ಯ ನರಹರಿಯವರ ಕಾಲುಗಳಿಗೆ ಬರಲೇ ಇಲ್ಲ. ಅಲ್ಲಿಂದ ಮಣಿಕಟ್ಟು ತಿರುಗಿಸಿ ಹೊಡೆಯುವ ಹೊಡೆತ ಅವರ ಕೈಗೂ ಬೇಕಾಗಿರಲಿಲ್ಲ.

ಒಂದು ಪಂದ್ಯ ಗೆದ್ದು ಬಂದು, ಬೂಟಿನ ದಾರ ಬಿಚ್ಚಲು ಬಗ್ಗಿದ ಜಯಶೀಲರು ಮತ್ತೆ ನೆಟ್ಟಗಾಗಲಿಲ್ಲ. ಲಕ್ವ ಹೊಡೆದಿತ್ತು. ಜೀವ ಉಳಿಯಿತು. ಎಡಗೈ, ಎಡಗಾಲು ಹೋದವು. ಮಾತು ನಾಲಗೆಯ ಮೇಲೆ ತೊಡರತೊಡಗಿತು. ಇನ್ನು ಆ ಕೈ ಬರುವುದಿಲ್ಲವೆಂದು ಡಾಕ್ಟರು ನರಹರಿಯವರೆದುರಿಗೇ ಹೇಳಿದರು. ನರಹರಿ ತಲೆಯಾಡಿಸಿ, “ಸರಿ ಸಾರ್, ನಿಧಾನವಾಗಿ ಆಗ್ಲಿ” ಎಂದರಂತೆ.

ಆ ಖಾಲಿ ಜಾಗಕ್ಕೆ ಕ್ಲಬ್ಬಿನ ಕಾರ್ಯದರ್ಶಿ ರಂಗಪ್ಪಯ್ಯನವರು ನನ್ನನ್ನು ಆರಿಸಿದರು. ನಾನಿನ್ನೂ ಕಾಲೇಜು ಮುಗಿಸಿದ ಹೊಸದು. ನರಹರಿಯವರ ಪಕ್ಕದಲ್ಲಿ ನಿಲ್ಲುವುದೆಂದರೆ ಮೈ ಜುಮ್ಮೆನ್ನುತ್ತಿತ್ತು. ಅವರು ನನ್ನನ್ನು ಅಕ್ಕರೆಯಿಂದಲೇ ಕಂಡರು, ತಪ್ಪು ಮಾಡಿದರೆ ಗದರಲಿಲ್ಲ. ಆದರೆ ನಾವು ಸೋಲತೊಡಗಿದೆವು. ಮೊದಲು ಬಲ್ಲವರಿಗೆ, ಆಮೇಲೆ ಯಾರ್‍ಯಾರಿಗೋ. ನಾನು ನೆಟ್ಟಿಗೆ ಹೋದಾಗ ಹಿಂದಿನ ಅಂಕಣವಿಡೀ ಅವರ ಪಾಲಿಗೆ ಉಳಿಯುತ್ತಿತ್ತು. ಎದುರಾಳಿಗಳು ಎಡಮೂಲೆಗೆ ಎತ್ತಿ ಹಾಕುತ್ತಿದ್ದರು. ಮತ್ತೆ ಅದೇ ಸಣ್ಣ ಸದ್ದು.

“ಮುದುಕ ಆದ. ಕಾಲು ಹೋಯ್ತು,” ಎಂದರು ರಂಗಪ್ಪಯ್ಯ. ಊರೂ ಹಾಗೆಯೇ ಎಂದಿತು.

ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಬೆಳಗಿನ ಅಭ್ಯಾಸದಲ್ಲಿ ಅವರು ಅಂಕಣದ ಉದ್ದಗಲ ಹೇಗೆ ಓಡುತ್ತಿದ್ದರೆಂಬುದನ್ನು ನಾನು ದಿನವೂ ಕಾಣುತ್ತಿದ್ದೆ, ಏದುಸಿರು ನನಗೇ ಬರುತ್ತಿತ್ತು. ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಶಟಲ್ ಎಡಕ್ಕೆ ಏರಿದಾಗಲೆಲ್ಲ ಅವರು ಕತ್ತನ್ನು ಒಂದಿಷ್ಟು ವಾಲಿಸುತ್ತಿದ್ದರು. ಆಗ ಅವರ ನೋಟ ಶಟಲ್ ಮೇಲೆ ಇರುತ್ತಿರಲಿಲ್ಲ.

ಒಂದು ಸಂಜೆ ಯಾರಿಗೂ ಹೇಳದೆ ಜಯಶೀಲರ ಮನೆಗೆ ಹೋದೆ. ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಅವರ ಹೆಂಡತಿ ಕರುಣಮ್ಮ ಬಟ್ಟಲಿನಲ್ಲಿ ಗಂಜಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದರು.

“ಬಾಪ್ಪ. ನರಹರಿ ಕಳಿಸಿದ್ರಾ?”

“ಇಲ್ಲಮ್ಮ, ನಾನೇ ಬಂದೆ. ಸಾರ್ ಹತ್ರ ಒಂದು ಕೇಳ್ಬೇಕಿತ್ತು.”

ನಾನು ಎಲ್ಲವನ್ನೂ ಹೇಳಿದೆ. ಜಯಶೀಲರು ಕಣ್ಣು ಮುಚ್ಚಿಕೊಂಡು ಕೇಳಿದರು. ಕತ್ತು ವಾಲಿಸುವ ಸಂಗತಿಗೆ ಬಂದಾಗ ಅವರ ಬಲಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

“ಕಾಲು ಹೋಗಿಲ್ಲ,” ಎಂದರು. ಒಂದೊಂದು ಪದಕ್ಕೂ ಬೆವರುತ್ತಿದ್ದರು. “ನನಗೆ... ಬಿಡ್ತಿದಾನೆ.”

“ಏನನ್ನ ಸಾರ್?”

“ಆ ಶಟಲ್ನ. ನಾನು ಕೂಗ್ತೀನಿ ಅಂತ... ಕಾಯ್ತಾನೆ.”

ಕರುಣಮ್ಮ ಬಟ್ಟಲನ್ನು ಕೆಳಗಿಟ್ಟು ಮುಖ ತಿರುಗಿಸಿಕೊಂಡರು. ಹೊರಡುವಾಗ ಬಾಗಿಲ ತನಕ ಬಂದು, “ದಿನಾ ಬರ್ತಾರೆ ಕಣಪ್ಪ,” ಎಂದರು. “ಬಂದು ಆ ಕೈಗೆ ಎಣ್ಣೆ ಹಚ್ಚಿ ತಿಕ್ತಾರೆ. ನಿನ್ನೆಗಿಂತ ಬಿಸಿ ಇದೆ ಅಲ್ವೇನಮ್ಮ ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಹೂಂ ಅಂತೀನಿ.”

ರಾಜ್ಯದ ಪಂದ್ಯಾವಳಿ ಆ ವರ್ಷ ನಮ್ಮೂರಿನಲ್ಲೇ ನಡೆಯಿತು. ಮೊದಲ ಪಂದ್ಯದಲ್ಲೇ ಸೋತರೆ ನರಹರಿಯವರನ್ನು ಇನ್ನು ಮುಂದೆ ತಂಡಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ರಂಗಪ್ಪಯ್ಯ ನೇರವಾಗಿಯೇ ಹೇಳಿದ್ದರು. ಪಂದ್ಯಕ್ಕೆ ಮುನ್ನ, ಬಟ್ಟೆ ಬದಲಿಸುವ ಕೋಣೆಯಲ್ಲಿ, ನಾನು ಧೈರ್ಯ ಮಾಡಿ ಬಾಯಿ ತೆರೆದೆ.

“ಸಾರ್, ಇವತ್ತು ಆ ಮೂಲೆಗೆ ನೀವು ಹೋಗ್ಲೇಬೇಕು. ಅವರು ಬರಲ್ಲ ಸಾರ್.”

ನರಹರಿ ತಮ್ಮ ಬ್ಯಾಟಿನ ಹಿಡಿಗೆ ಪಟ್ಟಿ ಸುತ್ತಿ ಮುಗಿಸಿದರು.

“ಬರ್ತಾನೆ,” ಎಂದರು. “ಇವತ್ತಲ್ಲ. ಆದ್ರೆ ಬರ್ತಾನೆ. ಅಷ್ಟರಲ್ಲಿ ನನ್ನ ಕಾಲು ಆ ಕಡೆ ಹೋಗೋದು ಕಲ್ತುಬಿಟ್ರೆ, ಅವನು ಬಂದ ದಿನ ಇಬ್ರೂ ಡಿಕ್ಕಿ ಹೊಡ್ಕೊಂಡು ಬೀಳ್ತೀವಲ್ಲೋ.”

ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ.

ಆ ದಿನ ನಾವು ಚೆನ್ನಾಗಿಯೇ ಆಡಿದೆವು. ನಾನು ಆದಷ್ಟೂ ನೆಟ್ ಬಿಟ್ಟು ಹಿಂದೆಯೇ, ಎಡಗಡೆಯೇ ನಿಂತೆ. ಆ ಮೂಲೆಯನ್ನು ಒಬ್ಬನೇ ಕಾಯ್ದೆ. ನರಹರಿ ನೆಟ್ಟಿನಲ್ಲಿ ತಮ್ಮ ಹಳೆಯ ಕೈಚಳಕವನ್ನೆಲ್ಲ ತೋರಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ಆಟದ ನಡುವೆ ಗ್ಯಾಲರಿಯಲ್ಲಿ ಏನೋ ಗಲಿಬಿಲಿಯಾಯಿತು. ನೋಡಿದರೆ ಜಯಶೀಲರನ್ನು ಕುರ್ಚಿಯ ಸಮೇತ ನಾಲ್ಕು ಜನ ಮೇಲಕ್ಕೆ ಹೊತ್ತು ತರುತ್ತಿದ್ದರು. ಹಿಂದೆ ಕರುಣಮ್ಮ ಸೆರಗು ಹೊದ್ದು ಬರುತ್ತಿದ್ದರು. ಲಕ್ವ ಹೊಡೆದ ಮೇಲೆ ಜಯಶೀಲರು ಮನೆಯಿಂದ ಹೊರಗೆ ಬಂದದ್ದು ಅಂದೇ ಮೊದಲು.

ನರಹರಿಯವರ ಮುಖ ಅರಳಿದ್ದನ್ನು ಕಂಡು ನನಗೆ ಭಯವಾಯಿತು. ಜಯಶೀಲರು ಆಟಕ್ಕೆ ಮರಳುವ ದಿನ ಹತ್ತಿರವಾಯಿತೆಂದೇ ಅವರು ತಿಳಿದುಕೊಂಡರೆಂಬುದು ನನಗೆ ಗೊತ್ತಾಗಿತ್ತು.

ಅಲ್ಲಿಂದ ಮುಂದೆ ಆಟ ಎಳೆದಾಡಿತು. ಒಂದು ಹಂತದಲ್ಲಿ ಎದುರಾಳಿಗಳಿಗೆ ಗೆಲ್ಲಲು ಒಂದೇ ಅಂಕ ಬೇಕಾಗಿತ್ತು. ನರಹರಿ ಒಂದು ಹೊಡೆತಕ್ಕೆಂದು ಹಿಂದೆ ಸರಿದಿದ್ದಾಗ ಎದುರಾಳಿಗಳು ನೆಟ್ಟಿನಂಚಿಗೆ ಮೆತ್ತಗೆ ಇಳಿಸಿದ ಶಟಲ್‌ಗೆ ನಾನು ಮುನ್ನುಗ್ಗಲೇಬೇಕಾಯಿತು. ನಾನೆತ್ತಿದ್ದು ಅರೆಬರೆಯಾಯಿತು. ಅವರು ಅದನ್ನು ನಮ್ಮ ಎಡಮೂಲೆಗೆ ಎತ್ತರಕ್ಕೆ ಹಾರಿಸಿದರು. ನಾನು ತಿರುಗಿದೆ. ನರಹರಿ ನಿಂತಿದ್ದರು. ಕತ್ತು ವಾಲಿತ್ತು.

ಆಗ ಗ್ಯಾಲರಿಯಿಂದ ಆ ಕೂಗು ಬಂತು. ಸೀಳಿದ ಕೊರಳಿನ, ತೊಡರುವ ನಾಲಗೆಯ ಕೂಗು.

“ಹೊಡಿ! ನರಾ... ನೀನೇ ಹೊಡಿ!”

ನರಹರಿ ಬೆಚ್ಚಿದರು. ಆಮೇಲೆ ಓಡಿದರು. ಆ ಓಟದಲ್ಲಿ ಮುದಿತನವಿರಲಿಲ್ಲ. ಶಟಲ್ ನೆಲ ಮುಟ್ಟುವ ಮೊದಲೇ ಅದರಡಿಗೆ ತಲುಪಿದರು. ಬೆನ್ನನ್ನು ನೆಟ್ಟಿಗೆ ಮಾಡಿ, ಮಣಿಕಟ್ಟು ತಿರುಗಿಸಿ ಹೊಡೆದರು. ಎಂದೂ ಕಲಿಯದ ಹೊಡೆತ. ಅದರಲ್ಲಿ ಜೀವವಿರಲಿಲ್ಲ. ಶಟಲ್ ನೆಟ್ ದಾಟದೆ, ಅದರ ಬುಡದಲ್ಲಿ, ನನ್ನ ಕಾಲ ಬಳಿ ಬಿತ್ತು.

ಜನ ಕರಗಿದ ಮೇಲೆ ನರಹರಿ ಗ್ಯಾಲರಿಗೆ ಹತ್ತಿದರು. ನಾನು ಅವರ ಹಿಂದೆ ಹೋದೆ. ಜಯಶೀಲರು ಅಳುತ್ತಿದ್ದರು. ಬಾಯಿಯ ಒಂದೇ ಕಡೆ ನಡುಗುತ್ತಿತ್ತು. ನರಹರಿ ಅವರ ಕಾಲ ಬಳಿ, ಮೆಟ್ಟಿಲ ಮೇಲೆ ಕೂತರು.

“ಬರೋದಿಲ್ವೇನೋ ನೀನು?” ಎಂದು ಕೇಳಿದರು.

ಜಯಶೀಲರು ಇಲ್ಲವೆಂದು ತಲೆಯಾಡಿಸಿದರು.

“ಮೊದ್ಲೇ ಹೇಳ್ಬಾರ್ದಿತ್ತಾ,” ಎಂದರು ನರಹರಿ. ಅಷ್ಟೇ. ಆಮೇಲೆ ಇಬ್ಬರೂ ಕೆಳಗೆ ಇನ್ಯಾರೋ ಆಡಲು ಶುರು ಮಾಡಿದ್ದ ಆಟವನ್ನು ನೋಡುತ್ತ ಕೂತರು.

ನರಹರಿ ಮತ್ತೆ ಆಡಲಿಲ್ಲ. ನಾನು ಬೇರೆ ಜೊತೆಗಾರರೊಂದಿಗೆ ಕೆಲವು ವರ್ಷ ಆಡಿ, ಹೇಳಿಕೊಳ್ಳುವಂಥದ್ದೇನನ್ನೂ ಗೆಲ್ಲದೆ ಬಿಟ್ಟೆ. ಜಯಶೀಲರ ಕೈಗೆ ಎಣ್ಣೆ ತಿಕ್ಕುವುದನ್ನು ನರಹರಿ ನಿಲ್ಲಿಸಲಿಲ್ಲವಂತೆ. ಆದರೆ ಬಿಸಿ ಇದೆಯೇ ಎಂದು ಕೇಳುವುದನ್ನು ನಿಲ್ಲಿಸಿದರಂತೆ. ಅದನ್ನು ಹೇಳುವಾಗ ಕರುಣಮ್ಮ, “ಕೇಳ್ತಿದ್ದಾಗ್ಲೇ ವಾಸಿ ಇತ್ತು ಕಣಪ್ಪ,” ಎಂದರು.

ಎರಡನೆಯ ಲಕ್ವ ಜಯಶೀಲರನ್ನು ಉಳಿಸಲಿಲ್ಲ. ಮಕ್ಕಳಿಲ್ಲದ ಕರುಣಮ್ಮನನ್ನು ಅವರ ತಂಗಿ ಬಂದು ತಮ್ಮೂರಿಗೆ ಕರೆದೊಯ್ದರು. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ನರಹರಿ ಮಂಚ, ಪೆಟ್ಟಿಗೆ, ಪಾತ್ರೆಗಳನ್ನೆಲ್ಲ ಗಾಡಿಗೆ ಏರಿಸಿ ಹಗ್ಗ ಬಿಗಿದರು. ಕರುಣಮ್ಮ ಅವರ ಕೈಯನ್ನು ಹಿಡಿದು ಒಂದು ಕ್ಷಣ ಹಣೆಗೆ ಒತ್ತಿಕೊಂಡರು. ಗಾಡಿ ತಿರುವಿನಲ್ಲಿ ಮರೆಯಾಯಿತು.

ಮನೆಯೊಡೆಯರಿಗೆ ಬೀಗದ ಕೈ ಕೊಟ್ಟು ಹೋಗೋಣವೆಂದು ನಾನು ಕಾದೆ. ನರಹರಿ ಒಳಗಿನಿಂದ ಬರಲಿಲ್ಲ. ಹೋಗಿ ನೋಡಿದರೆ, ಪಂಚೆಯನ್ನು ಮೇಲೆ ಕಟ್ಟಿ, ಬಿಟ್ಟುಹೋದ ಹಳೆಯ ಪೊರಕೆಯೊಂದನ್ನು ಹಿಡಿದು ಬರಿದಾದ ನಡುಮನೆಯನ್ನು ಗುಡಿಸುತ್ತಿದ್ದರು.

“ಬಿಡಿ ಸಾರ್, ಮುಂದೆ ಬರೋರು ಗುಡಿಸ್ಕೋತಾರೆ,” ಎಂದೆ.

“ಇರ್ಲಿ. ಆಯ್ತು.”

ನಡುಮನೆ ಗುಡಿಸಿದರು, ಅಡುಗೆಮನೆ ಗುಡಿಸಿದರು. ಕಸವೆಂದರೆ ಒಂದಿಷ್ಟು ಧೂಳು, ಎರಡು ಅಕ್ಕಿಕಾಳು, ತಲೆಯ ಪಿನ್ನೊಂದು. ಅದನ್ನು ಹೊಸ್ತಿಲ ತನಕ ತಂದು ಗುಡ್ಡೆ ಮಾಡಿ, ಹೊರಗೆ ತಳ್ಳದೆ, ಅದರ ಪಕ್ಕದಲ್ಲಿ ಮೊಳಕಾಲು ಮಡಿಚಿ ಕೂತರು. ಬೀದಿಯಿಂದ ಗಾಳಿ ಬಂದು ಧೂಳನ್ನು ತುಸುತುಸುವಾಗಿ ಮತ್ತೆ ಒಳಗೆ ಒಯ್ಯುತ್ತಿತ್ತು. ಎಡಮೂಲೆಗೆ ಬೀಳುವ ಶಟಲ್ ನೋಡುತ್ತಿದ್ದ ಹಾಗೆಯೇ ಅವರು ಅದನ್ನು ನೋಡುತ್ತಿದ್ದರು, ತಡೆಯಲಿಲ್ಲ.