ಕಿರುಬೆರಳಿನ ಸಾಕ್ಷಿ

ರೈಲು ಹೋಯಿತು, ಹೋದ ಮೇಲೂ ಕಿಟಕಿಯ ಗಾಜು ಗುಂಯ್ ಅನ್ನುತ್ತಲೇ ಇತ್ತು, ಚಾಪೆಯ ಮೇಲೆ ಬಿದ್ದಿದ್ದ ಬಿಸಿಲಿನ ತುಂಡು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತ್ತು, ಅದು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ ಬರುತ್ತಿದ್ದ ರೈಲೋ ಅಲ್ಲಿಂದ ಹೊರಟದ್ದೋ, ಪ್ಲೈವುಡ್ ಅಂಗಡಿಯ ಮೇಲಿನ ಈ ಪ್ರಾರ್ಥನಾ ಮಂದಿರದಲ್ಲಿ ಕೂತವರಿಗೆ ಎರಡೂ ಒಂದೇ ಸದ್ದು, ಎರಡು ವರ್ಷದಿಂದ ಭಾನುವಾರ ಭಾನುವಾರ ಇಲ್ಲೇ ಕೂತರೂ ಸುವರ್ಣಾಗೆ ಅದು ಗೊತ್ತಾಗಿಲ್ಲ — ಬಾಯಿಲ್ಲ, ಬರೀ ಕಣ್ಣು, ಅಂತ ಫ್ಯಾಕ್ಟರಿಯಲ್ಲಿ ಅವಳಿಗೆ ಹೆಸರು, ಆ ಕಣ್ಣಿಗೂ ಇದು ಗೊತ್ತಾಗಿಲ್ಲ. ಲತಾ ಆಂಟಿ ಮೈಕ್ ಹಿಡಿದು ಸಾಕ್ಷಿ ಹೇಳುತ್ತಿದ್ದಾರೆ, ಹಾಡು ಮುಗಿದು ಪಾಸ್ಟರ್ ವಾಕ್ಯ ಬೋಧಿಸುವ ಮುಂಚೆ ಪ್ರತಿ ವಾರ ಇದು ಇದ್ದದ್ದೇ, ದೇವರಿಂದ ಏನಾದರೂ ಪಡೆದವರು ಎದ್ದು ನಿಂತು ಎಲ್ಲರೆದುರು ಹೇಳಬೇಕು, ಮೈಕ್ ಹೆಂಗಸರ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ, ಆಂಟಿಗೆ ಮೊಣಕಾಲು ನೋವು ಹೋಗಿದೆಯಂತೆ, ಎರಡು ಮಹಡಿ ನಾನೇ ಹತ್ತಿ ಬಂದೆ ನೋಡಿ, ಈ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ನನಗೆ ಯೇಸಪ್ಪನೇ ಲಿಫ್ಟು, ಎಲ್ಲರೂ ನಕ್ಕರು, ಹಲ್ಲೆಲೂಯ ಅಂದರು, ಅವ್ವನೂ ಅಂದಳು. ಅವ್ವನಿಗೆ ಅನ್ನಲು ಹೇಗೆ ಬರುತ್ತದೆ, ಮಗ ಹೋಗಿ ಇವತ್ತಿಗೆ ಹನ್ನೆರಡು ದಿನ, ಮಂಗಳವಾರದಿಂದ ಎಣಿಸಿದರೆ ಹನ್ನೆರಡು, ಬುಧವಾರ ಮಣ್ಣು ಮಾಡಿದ್ದರಿಂದ ಎಣಿಸಿದರೆ ಹನ್ನೊಂದು, ಯಾವುದರಿಂದ ಎಣಿಸಬೇಕೋ. ಆಂಟಿಯ ಈಚೆ ಇನ್ನಿಬ್ಬರು, ಆಮೇಲೆ ಅವ್ವ, ಆಮೇಲೆ ತಾನು. ಅವ್ವ ತಲೆ ಮೇಲಿನ ಸೆರಗು ಸರಿ ಮಾಡಿಕೊಳ್ಳುತ್ತ ಮೊಣಕೈಯಿಂದ ತಿವಿದಳು, ಮೈಕ್ ಬಂದ್ರ ನೀನ ಏಳು, ನನಗ ನಾಕ್ ಮಂದ್ಯಾಗ ಮಾತು ಬರಂಗಿಲ್ಲ, ಮುತ್ತು ನಿನ್ನ ಹೆಸರ ಹಿಡದು ಕರದದ್ದು ಹೇಳು, ಅವತ್ತ ಹೇಳಿದ್ಯಲ್ಲ, ಹಂಗ ಹೇಳು.

ಅವತ್ತು ಹೇಳಿದ ಹಾಗೆ. ಅವತ್ತು ಏನು ಹೇಳಿದಳು ಅನ್ನುವುದು ಅವಳಿಗಿಂತ ಇಲ್ಲಿರುವ ಎಲ್ಲರಿಗೂ ಚೆನ್ನಾಗಿ ನೆನಪಿದೆ, ಹದಿನಾಲ್ಕು ದಿನದ ಹಿಂದಿನ ಭಾನುವಾರ, ಬೆಳಿಗ್ಗೆ ಎಂಟಕ್ಕೆ ಐಸಿಯುಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಐದು ನಿಮಿಷ, ನೀ ಹೋಗು ನಾ ಮಂದಿರದಾಗ ಕೂತು ಪ್ರಾರ್ಥನಾ ಮಾಡ್ತೀನಿ ಅಂದಿದ್ದಳು ಅವ್ವ, ಗುರುವಾರ ದೀಪಾಂಜಲಿ ನಗರದ ತಿರುವಿನಲ್ಲಿ ನೀರಿನ ಟ್ಯಾಂಕರ್ ಅಣ್ಣನ ಗಾಡಿಗೆ ತಾಗಿದಾಗಿನಿಂದ ಅವ್ವ ಉಪವಾಸ, ನೀರು ಬಿಟ್ಟರೆ ಏನೂ ಇಲ್ಲ. ಹಸಿರು ಗೌನು ಹಾಕಿಸಿದರು, ಚಪ್ಪಲಿ ಬಿಡಿಸಿದರು, ಮೂರನೇ ಮಂಚ, ಅಣ್ಣನ ಮುಖ ಊದಿ ಬೇರೆ ಯಾರದೋ ಮುಖ, ಅವಳು ಮುಖ ನೋಡದೆ ಕೈ ನೋಡಿದಳು, ಕೈ ಮಾತ್ರ ಮುತ್ತಣ್ಣನದೇ, ಎಡಗೈಯ ತೋರುಬೆರಳಿಗೆ ಒಂದು ಕ್ಲಿಪ್ಪು, ಅದರೊಳಗೆ ಕೆಂಪು ದೀಪ, ಮುತ್ತಣ್ಣ ಅಂದಳು, ಏನೂ ಇಲ್ಲ, ಮುತ್ತಣ್ಣ ನಾನು, ಆಗ ಹಾಸಿಗೆಯ ಮೇಲೆ ಚಾಚಿಕೊಂಡಿದ್ದ ಆ ಕೈಯ ಕಿರುಬೆರಳು ಎದ್ದಿತು, ಅದೊಂದೇ, ಅಕ್ಕಿಕಾಳಿನಷ್ಟು ಎತ್ತರಕ್ಕೆ ಎದ್ದು ಮತ್ತೆ ಮಲಗಿತು. ಸಿಸ್ಟರ್, ಬೆರಳು ಅಲ್ಲಾಡ್ತು. ನರ್ಸು ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ, ಅದು ಸುಮ್ನೆ ನರ ಕಣಮ್ಮ, ಹಾಗೆ ಆಗ್ತಾ ಇರುತ್ತೆ, ಟೈಮಾಯ್ತು ನಡಿ. ನರವೇ ಇರಬಹುದು, ಅವರು ದಿನಾ ನೋಡುವವರು, ಆದರೆ ಅವರು ಮುತ್ತಣ್ಣನ ಗಾಡಿಯ ಹಿಂದೆ ಕೂತವರಲ್ಲ. ಅವಳು ಕೂತವಳು, ಅವನ ಊಟ ಡೆಲಿವರಿಯ ಚೌಕದ ಬ್ಯಾಗನ್ನು ತನ್ನ ಬೆನ್ನಿಗೆ ಹಾಕಿಕೊಂಡು, ದಿನಾ ಬೆಳಿಗ್ಗೆ ಗಾರ್ಮೆಂಟ್ಸ್ ಗೇಟಿನವರೆಗೆ, ಸಿಗ್ನಲ್ಲಿನಲ್ಲಿ ಯಾರೋ ಒಂದು ದಿನ ಏನ್ ಸಿಸ್ಟರ್ ಬಿರಿಯಾನಿನಾ ಅಂತ ಕೇಳಿದ್ದಕ್ಕೆ ಮುತ್ತಣ್ಣ ಹೌದು ಬಿಸಿ ಐತಿ ಮುಟ್ಟಬ್ಯಾಡ ಅಂದು ನಗಿಸಿದ್ದ, ಹೆಲ್ಮೆಟ್ಟಿನೊಳಗಿಂದ ಮಾತು ಕೇಳಿಸುವುದಿಲ್ಲ, ಹಂಪ್ ಬರುವ ಮುಂಚೆ ಅವನು ಹ್ಯಾಂಡಲ್ಲಿನಿಂದ ಎಡಗೈಯ ಕಿರುಬೆರಳು ಎತ್ತುತ್ತಿದ್ದ, ಹಿಡಕೋ ಅಂತ, ಅಷ್ಟೇ, ಅದು ಅವರಿಬ್ಬರಿಗೆ ಮಾತ್ರ ಗೊತ್ತು, ಬೆರಳು ಎದ್ದರೆ ಅವಳು ಅವನ ಜಾಕೆಟ್ಟಿನ ಎರಡೂ ಪಕ್ಕ ಗಟ್ಟಿಯಾಗಿ ಹಿಡಿಯಬೇಕು, ಹಿಡಿಯುತ್ತಿದ್ದಳು, ಗಾಡಿ ಎದ್ದು ಇಳಿಯುತ್ತಿತ್ತು.

ಆಸ್ಪತ್ರೆಯಿಂದ ಓಡಿ ಬಂದು ಈ ಮೆಟ್ಟಿಲು ಹತ್ತಿದಾಗ ಸಾಕ್ಷಿ ನಡೆಯುತ್ತಿತ್ತು, ಅವತ್ತೂ ಲತಾ ಆಂಟಿಯೇ, ಅಳಿಯನಿಗೆ ಮಾರೇನಹಳ್ಳಿಯಲ್ಲಿ ಅಂಗಡಿ ಸಿಕ್ಕಿತ್ತು, ಅದಕ್ಕೆ ಕೈ ಎತ್ತಿ ಎತ್ತಿ ಸ್ತೋತ್ರ, ಅವ್ವ ಹಸಿದ ಕಣ್ಣಿನಲ್ಲಿ ಬಾಗಿಲಿನತ್ತಲೇ ನೋಡುತ್ತಿದ್ದಳು, ಪಾಸ್ಟರ್ ಮೈಕ್ ಸುವರ್ಣಾಗೇ ಕೊಡಿಸಿದರು, ಹೇಳು ಮಗಳೇ, ದೇವರು ಏನು ಮಾಡಿದರು. ಅವಳು ಎರಡು ವರ್ಷದಲ್ಲಿ ಒಮ್ಮೆಯೂ ಮೈಕ್ ಹಿಡಿದವಳಲ್ಲ, ಊರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಲೂ ಮೇಷ್ಟ್ರಿಗೆ ಹೇಳದೆ ಬಿಟ್ಟವಳು. ಬೆರಳು ಅಲ್ಲಾಡ್ತು ಅಂದಳು. ಮೈಕಿನಲ್ಲಿ ಅದು ಎಷ್ಟು ಸಣ್ಣದಾಗಿ ಕೇಳಿಸಿತು, ಆಂಟಿಯ ಅಳಿಯನ ಒಂದಿಡೀ ಅಂಗಡಿಯ ಮುಂದೆ ಒಂದು ಬೆರಳು, ಅದೂ ಕಿರುಬೆರಳು, ಎಲ್ಲರೂ ಇನ್ನೇನೋ ಬರುತ್ತದೆ ಅಂತ ಕಾಯುತ್ತಿದ್ದರು, ಅವ್ವ ಕಾಯುತ್ತಿದ್ದಳು, ಆಗ ಬಾಯಿ ತಾನೇ ಹೇಳಿತು, ಕಣ್ಣು ಬಿಟ್ಟ, ಹೇಳಿದ ಮೇಲೆ ಅದಕ್ಕೂ ಜೊತೆಗೆ ಇನ್ನೊಂದು ಬೇಕಾಯಿತು, ನನ್ನ ಹೆಸರು ಕರೆದ, ಸುವರ್ಣಾ ಅಂದ. ಹಲ್ಲೆಲೂಯ ಅಂದರೆ ತಗಡಿನ ಛಾವಣಿ ಹಾರಿಹೋಗಬೇಕು, ಕೀಬೋರ್ಡಿನವನು ತಾನಾಗಿಯೇ ನುಡಿಸಲು ಶುರು ಮಾಡಿದ, ಅವ್ವ ನೆಲಕ್ಕೆ ಹಣೆ ಹಚ್ಚಿದಳು, ಅವತ್ತು ಮಧ್ಯಾಹ್ನ ಪಾಸ್ಟರಮ್ಮ ತಂದ ಬನ್ನನ್ನು ಚಹಾದಲ್ಲಿ ಅದ್ದಿ ಅವ್ವ ಉಪವಾಸ ಬಿಟ್ಟಳು, ಮೂರು ದಿನದ ಉಪವಾಸ, ಮಗ ಎದ್ದ ಮ್ಯಾಲ ಇನ್ನ್ಯಾಕ. ಸೋಮವಾರ ಅವ್ವನೇ ಒಳಗೆ ಹೋಗಿ ಬಂದಳು, ನಿದ್ದಿ ಹತ್ತ್ಯಾದ, ಎಬ್ಬಿಸಲಿಲ್ಲ ಅಂದಳು. ಮಂಗಳವಾರ ಬೆಳಗಾಗುವಾಗ ಫೋನು ಬಂತು. ಅವ್ವ ಇನ್ನೂ ಒಂದು ದಿನ ಉಪವಾಸ ಇದ್ದಿದ್ದರೆ, ತಾನು ಸೇರಿಸದೇ ಇದ್ದಿದ್ದರೆ, ದೇವರ ಹೆಸರಿನಲ್ಲಿ ಎರಡು ಸುಳ್ಳು ಸೇರಿಸಿದ್ದಕ್ಕೆ ದೇವರು ನಿಜವಾಗಿದ್ದ ಆ ಒಂದನ್ನೂ ವಾಪಸ್ ತೆಗೆದುಕೊಂಡನೋ, ಯೇಸಪ್ಪ ಹಾಗೆ ಮಾಡುವವನಾ, ಮಾಡುವವನಲ್ಲ ಅಂತಾರೆ, ಹಾಗಾದರೆ ಯಾಕೆ.

ಫ್ಯಾಕ್ಟರಿಯಲ್ಲಿ ಅವಳದು ಚೆಕಿಂಗ್, ಹೊಲಿದ ಷರ್ಟು ಮೇಜಿನ ಮೇಲೆ ಬಂದರೆ ಹೊಲಿಗೆ ತಪ್ಪಿದ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ಕಳಿಸಬೇಕು, ಸರಿ ಇದ್ದರೆ ಮುಂದಕ್ಕೆ, ಆರು ವರ್ಷದಲ್ಲಿ ಅವಳು ಪಾಸ್ ಮಾಡಿದ ಪೀಸು ವಾಪಸ್ ಬಂದಿಲ್ಲ ಅಂತ ಸೂಪರ್‌ವೈಸರೇ ಹೇಳುತ್ತಾರೆ, ಈ ಹನ್ನೆರಡು ದಿನದಿಂದ ಕಣ್ಣು ಮುಚ್ಚಿದರೂ ಬಿಟ್ಟರೂ ತನ್ನ ಬಾಯಿಯ ಮೇಲೆ ಒಂದು ಕೆಂಪು ಬಾಣ ಅಂಟಿದ ಹಾಗೆ. ಮಣ್ಣು ಮಾಡುವ ದಿನ ಊರಿಂದ ಪಾರವ್ವ ದೊಡ್ಡವ್ವ ಬಂದಿದ್ದಳು, ಅವ್ವನ ಅಕ್ಕ, ಪಾಸ್ಟರು ಅತ್ತ ತಿರುಗಿದಾಗ ಸೊಂಟದ ಚೀಲದಿಂದ ವಿಭೂತಿ ತೆಗೆದು ಮುತ್ತಣ್ಣನ ಹಣೆಗೆ ಹಚ್ಚಿಬಿಟ್ಟಳು, ಯಾರೂ ಒರೆಸಲಿಲ್ಲ, ಪಾಸ್ಟರು ನೋಡಿದರು, ಒರೆಸಲಿಲ್ಲ, ಅದು ಅವಳಿಗೆ ಇನ್ನೂ ಅರ್ಥವಾಗಿಲ್ಲ, ಒಂದು ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಶಿಲುಬೆ, ಮೇಲೆ ಹೋಗಿ ಅಣ್ಣ ಯಾವ ಸಾಲಿನಲ್ಲಿ ನಿಂತನೋ. ದೊಡ್ಡವ್ವ ಮಣ್ಣು ಹಾಕಿ ಕೈ ಕೊಡವಿಕೊಳ್ಳುತ್ತ ಅಂದಳು, ಹೊನ್ನವ್ವ, ಎರಡ ವರ್ಷ ದೇವರ ಮನಿ ಬಿಟ್ಟು ಮಾಳಗಿ ಹತ್ತಿ ಹಾಡಿದಿ, ನಿಮ್ಮ ಯೇಸಪ್ಪ ಏನ್ ಕೊಟ್ಟ ಹೇಳು. ಅವ್ವ ಅಳಲಿಲ್ಲ. ಹೋಗಾಗ ತಂಗಿ ಹೆಸರ ಕರದು ಹ್ವಾದ, ಸುಮ್ನ ಹೋಗಲಿಲ್ಲ, ಅದನ್ನ ಕೊಟ್ಟಾನ. ಅವತ್ತಿನಿಂದ ಅವ್ವ ನಿಂತಿರುವುದು ಅದರ ಮೇಲೆಯೇ, ಬಸವೇಶ್ವರನಗರದ ಮೂರು ಮನೆಗೆ ಕೆಲಸಕ್ಕೆ ಹೋಗುತ್ತಾಳೆ, ಊಟ ಮಾಡುತ್ತಾಳೆ, ಅಕ್ಕಿ ತೊಳೆಯುತ್ತ ಕೇಳುತ್ತಾಳೆ, ಹೆಂಗ ಕರದ, ಸುವರ್ಣಾ ಅಂದ್ನೋ, ಸುವ್ವಿ ಅಂದ್ನೋ. ಸುವ್ವಿ ಅಂದ ಅವ್ವ. ಮತ್ತೂ ಒಂದು ಸೇರಿತು. ಅವ್ವನ ಕಾಲ ಕೆಳಗಿನ ಹಲಗೆ ಅದು, ಅದನ್ನು ಎಳೆದರೆ ಅವ್ವ ಎಲ್ಲಿ ನಿಲ್ಲುತ್ತಾಳೆ, ಎಳೆಯದಿದ್ದರೆ ತಾನು ಎಲ್ಲಿ ನಿಲ್ಲಲಿ.

ಮೈಕ್ ಒಬ್ಬರನ್ನು ದಾಟಿತು. ಗೋಡೆಯ ಮೇಲೆ ಶಿಲುಬೆ, ಬರೀ ಮರದ್ದು, ಅದರ ಮೇಲೆ ಯಾರೂ ಇಲ್ಲ, ಕೆಳಗಿನ ಪ್ಲೈವುಡ್ ಅಂಗಡಿಯವರೇ ಮಾಡಿಕೊಟ್ಟದ್ದು, ಬಲಗೈ ಕಡೆ ಅಂಚು ಕೊಂಚ ಸೀಳಿದೆ, ಯಾರೂ ಅಲ್ಲಿ ಬಾಣ ಅಂಟಿಸಿಲ್ಲ. ಅಲ್ಲಿ ತೂಗಿದವನು ಕೊನೆಗೆ ಏನು ಹೇಳಿದ, ಪಾಸ್ಟರ್ ಶುಭ ಶುಕ್ರವಾರ ಓದಿದ್ದರು, ಅಪ್ಪ ಸತ್ತ ವರ್ಷ, ಪಾಸ್ಟರಮ್ಮ ಒಂದು ತಿಂಗಳು ಮನೆಗೇ ಬಂದು ಅನ್ನ ಮಾಡಿ ಹಾಕಿದ ವರ್ಷ, ಅದನ್ನು ನೋಡಿಯೇ ಅವ್ವ ಈ ಮೆಟ್ಟಿಲು ಹತ್ತಿದ್ದು — ಅವನೂ ಯಾಕೆ ನನ್ನ ಕೈಬಿಟ್ಟೆ ಅಂತ ಕೇಳಿದನಂತೆ, ದೇವರ ಮಗನಾಗಿ ಹಾಗೆ ಕೇಳಬಹುದಾ ಅಂತ ಅವಳಿಗೆ ಅವತ್ತು ನಾಚಿಕೆಯಾಗಿತ್ತು, ಯಾರಾದರೂ ಅದನ್ನು ಬರೆಯದೆ ಬಿಡಬಹುದಿತ್ತು, ಕಣ್ಣು ಬಿಟ್ಟ ಅಂತಲೋ ನಕ್ಕ ಅಂತಲೋ ಸೇರಿಸಬಹುದಿತ್ತು, ಸೇರಿಸಲಿಲ್ಲ, ಆ ಮಾತಿಗೆ ಹಲ್ಲೆಲೂಯ ಅಂದವರು ಯಾರೂ ಇರಲಿಲ್ಲ, ಆದರೂ ಅದನ್ನು ಹಾಗೇ ಇಟ್ಟಿದ್ದಾರೆ, ಅಷ್ಟು ವರ್ಷದಿಂದ, ಅವನೂ ಚೆಂದದ ಸಾಕ್ಷಿ ಹೇಳಲಿಲ್ಲ, ನಿಜ ಹೇಳಿದ, ಹಾಗಾದರೆ ನಿಜದ ಮೇಲೆ ನಿಲ್ಲಬಹುದಾ, ಕಾಲಿಡುವಷ್ಟು ಜಾಗ ಇದೆಯಾ ಅಲ್ಲಿ, ಅಕ್ಕಿಕಾಳಿನಷ್ಟು. ಮೈಕ್ ಅವ್ವನ ಕೈಗೆ ಬಂತು, ಅವ್ವ ಅದನ್ನು ಮಗುವನ್ನು ದಾಟಿಸುವ ಹಾಗೆ ಎರಡೂ ಕೈಯಲ್ಲಿ ದಾಟಿಸಿದಳು. ಬಿಸಿಯಾಗಿದೆ ಮೈಕು, ಅಷ್ಟು ಜನ ಹಿಡಿದದ್ದು. ಎದ್ದಳಾ, ಎದ್ದಿರಬೇಕು, ಎಲ್ಲರ ತಲೆಯ ಸೆರಗುಗಳು ಕೆಳಗೆ ಕಾಣುತ್ತಿವೆ, ಪಾಸ್ಟರು ಹೇಳು ಮಗಳೇ ಅಂದರು, ಈ ಸಲ ಮೆಲ್ಲಗೆ. ಅವಳ ದನಿ ಎಲ್ಲಿಂದಲೋ ಬಂತು, ನಮ್ಮಣ್ಣ ಕಣ್ಣು ಬಿಡಲಿಲ್ಲ, ನನ್ನ ಹೆಸರೂ ಕರೀಲಿಲ್ಲ, ನಾನೇ ಸೇರ್ಸಿ ಹೇಳ್ದೆ, ಬೆರಳು ಎದ್ದಿತ್ತು, ಒಂದೇ ಸಲ, ಅದನ್ನ ಮಾತ್ರ ನಾನು ನೋಡ್ದೆ. ಕೀಬೋರ್ಡಿನವನ ಕೈ ಹಾಗೇ ನಿಂತಿತು. ಲತಾ ಆಂಟಿಯ ಬಾಯಿ ಅರ್ಧ ತೆರೆದಿತ್ತು, ಪಾಸ್ಟರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಳ್ಳಲಿಲ್ಲ. ಕೂತುಕೊಂಡಳು, ಅವ್ವನ ಕಡೆ ನೋಡಲಾಗಲಿಲ್ಲ, ಅವ್ವನ ಉಸಿರು ಕೇಳುತ್ತಿತ್ತು, ಏರುತ್ತಿತ್ತು, ಈಗ ಕೂಗುತ್ತಾಳೆ, ಈಗ ಎದ್ದು ಹೋಗುತ್ತಾಳೆ, ಬಾಗಿಲ ಬಳಿ ತನ್ನ ಚಪ್ಪಲಿಯ ಪಕ್ಕದಲ್ಲೇ ಅವ್ವನ ಚಪ್ಪಲಿ. ರೈಲು ಬರುತ್ತಿತ್ತು, ಇಲ್ಲ ಹೋಗುತ್ತಿತ್ತು, ಗಾಜು ನಡುಗಿತು, ಆ ಸದ್ದಿನ ಅಡಿಯಲ್ಲಿ ಅವ್ವ ಕೇಳಿದಳು, ಯಾವ ಬಟ್ಟು. ಏನವ್ವ. ಯಾವ ಬಟ್ಟು ಎದ್ದಿತ್ತು, ತೋರಸು. ಸುವರ್ಣಾ ತನ್ನ ಎಡಗೈಯನ್ನು ಚಾಪೆಯ ಮೇಲೆ ಅಂಗಾತ ಇಟ್ಟಳು, ಅಲ್ಲ, ಹಾಗಲ್ಲ, ಬೋರಲು, ಹ್ಯಾಂಡಲ್ ಹಿಡಿದ ಹಾಗೆ, ಅವ್ವ ಬಾಗಿ ನೋಡುತ್ತಿದ್ದಾಳೆ, ಹಂಪ್ ಬಂದ್ರ ಹಿಂಗ ಮಾಡ್ತಿದ್ದ ಅವ್ವ, ಹಿಡಕೋ ಅಂತ, ಯಾವುದನ್ನು ಹಿಡಿಯಬೇಕೋ ಈಗ ಗೊತ್ತಿಲ್ಲ, ಜಾಕೆಟ್ಟಿಲ್ಲ, ಬೆನ್ನಿಲ್ಲ, ಮುಂದೆ ದಾರಿ ಹೇಗಿದೆಯೋ, ನಾಲ್ಕು ಬೆರಳು ಮಲಗಿಸಿದಳು, ಅವ್ವನ ಒರಟು ಕೈ ಬಂದು ಅವಳ ಸೊಂಟದ ಹತ್ತಿರ ಕಮೀಜನ್ನು ಮುಷ್ಟಿಯಲ್ಲಿ ಹಿಡಿಯಿತು, ಗಟ್ಟಿಯಾಗಿ, ಬಿಸಿಲಿನ ತುಂಡು ಆರಿ ಮತ್ತೆ ಹತ್ತಿತು, ಅದರ ನಡುವೆ ಕಿರುಬೆರಳು, ಅಕ್ಕಿಕಾಳಿನಷ್ಟು ಮೇಲೆ, ಎದ್ದೇ ಇದೆ, ಇಳಿಯುತ್ತಿಲ್ಲ —