ಬಂದೆ

ಗಿರಿಜೆ ಹೋಗಿ ಐದಾರು ತಿಂಗಳಾದ ಮೇಲೆ ಅವಳ ಹೆಸರಿಗೆ ಪಾರ್ಕಿಂಗ್ ದಂಡದ ನೋಟಿಸ್ ಬಂತು. ಅದೂ ನ್ಯೂಜಿಲೆಂಡಿನಿಂದ. ನನ್ನ ಹೆಂಡತಿ ಬದುಕಿದ್ದಷ್ಟು ದಿನ ನಯಾಪೈಸೆ ದಂಡ ಕಟ್ಟಿದವಳಲ್ಲ. ಸತ್ತ ಮೇಲೆ ಕಟ್ಟು ಅನ್ನುತ್ತಾರಲ್ಲ, ಇವರಿಗೆ ಏನು ಹೇಳಬೇಕು?

ಮಗಳು ಸಿರಿ ಬಿಟಿಎಂ ಲೇಔಟಿನಲ್ಲಿ ಇರುತ್ತಾಳೆ. ಪ್ರತಿ ಭಾನುವಾರ ಪದ್ಮನಾಭನಗರದ ನಮ್ಮ ಮನೆಗೆ ಬಂದು, ಬ್ಯಾಟರಿ ಸಾಯದಿರಲಿ ಅಂತ ಅವರಮ್ಮನ ಪುಟ್ಟ ಕಾರನ್ನು ಒಂದು ಸುತ್ತು ಓಡಿಸಿ, ಊಟ ಸರಿಯಾಗಿ ಮಾಡುವುದಿಲ್ಲ ಅಂತ ನನಗೆ ಬೈದು ಹೋಗುತ್ತಾಳೆ. ಅಮ್ಮನ ಈಮೇಲ್ ನೋಡುವವಳೂ ಅವಳೇ. ಆ ಭಾನುವಾರ ಲ್ಯಾಪ್‌ಟಾಪ್ ತೆರೆದು ಕೂತವಳು ಹುಬ್ಬು ಗಂಟು ಹಾಕಿಕೊಂಡಳು.

"ಅಪ್ಪಾ, ನೀವು ಹೋಗಿದ್ರಲ್ಲ, ಆ ಕ್ಯಾಂಪರ್‌ವ್ಯಾನ್ ಕಂಪನಿಯವರು ಮೇಲ್ ಮಾಡಿದಾರೆ. ಯಾವುದೋ ಲೇಕ್ ಹತ್ರ ಒಂದು ಗಂಟೆ ಲಿಮಿಟ್ ಇರೋ ಕಡೆ ಜಾಸ್ತಿ ಹೊತ್ತು ನಿಲ್ಸಿದ್ರಂತೆ. ಅಮ್ಮನ ಕಾರ್ಡಿಂದ ಕಟ್ ಮಾಡೋಕೆ ನೋಡಿದಾರೆ, ಕಾರ್ಡ್ ಕ್ಲೋಸ್ ಆಗಿದೆಯಲ್ಲ. ಈಗ ನೀವೇ ಕಟ್ಟಿ ಅಂತಾರೆ."

"ಸುಳ್ಳು," ಅಂದೆ. "ನಿಮ್ಮಮ್ಮ? ಚಾನ್ಸೇ ಇಲ್ಲ."

ಇದನ್ನು ನಾನು ಹೆಂಡತಿಯ ಮೇಲಿನ ಅಭಿಮಾನಕ್ಕೆ ಹೇಳಿದ್ದಲ್ಲ. ಗಿರಿಜಾದೇವಿ ಜೆ.ಪಿ. ನಗರದಲ್ಲಿ ಹೆಂಗಸರಿಗಾಗಿಯೇ ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಅವಳ ಕೈಯಲ್ಲಿ ಕಲಿತ ಹೆಂಗಸರು ಇವತ್ತಿಗೂ ಬನಶಂಕರಿ ಸಿಗ್ನಲ್ಲಿನಲ್ಲಿ ಹಳದಿ ದೀಪ ಕಂಡರೆ ಬ್ರೇಕ್ ಒತ್ತುತ್ತಾರೆ, ಹಿಂದಿನವರು ಹಾರ್ನ್ ಹೊಡೆದು ಬಯ್ಯುತ್ತಾರೆ. ಊರಿಗೆಲ್ಲ ಕಲಿಸಿದವಳು ನನ್ನೊಬ್ಬನಿಗೆ ಕಲಿಸಲಾರದೆ ಹೋದಳು. ಇಟ್ಟಮಡುವಿನ ಖಾಲಿ ಸೈಟಿನಲ್ಲಿ ಸ್ಟಿಯರಿಂಗ್ ಕೊಟ್ಟು ಕೂರಿಸಿದ್ದಳು. ಎರಡನೇ ದಿನವೇ "ಮೊದ್ಲು ಹ್ಯಾಂಡ್‌ಬ್ರೇಕ್ ಅಂತ ಎಷ್ಟು ಸಲ ಹೇಳ್ಬೇಕು ರೀ, ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು" ಅಂದಳು. ನಾನೂ ಸ್ಟೇಷನರಿ ಅಂಗಡಿಯ ಯಜಮಾನ, ಮಾನ ಮರ್ಯಾದೆ ಇರುವವನು. ಇಳಿದು ಬಸ್ ಹತ್ತಿ ಮನೆಗೆ ಬಂದೆ. ಅಲ್ಲಿಗೆ ನನ್ನ ಡ್ರೈವಿಂಗ್ ಮುಗಿಯಿತು.

ಅವಳಿಗೊಂದು ಅಭ್ಯಾಸವಿತ್ತು. ಜಯನಗರ ಫೋರ್ತ್ ಬ್ಲಾಕಿನಲ್ಲಾಗಲಿ, ಗಾಂಧಿ ಬಜಾರಿನಲ್ಲಾಗಲಿ, ಗಾಡಿ ನಿಲ್ಲಿಸಿದ ಕೂಡಲೇ ಗಾಜಿನ ಒಳಗೆ ಒಂದು ಚೀಟಿ ಇಡುವಳು. ಗುಂಡು ಗುಂಡಾದ ಅಕ್ಷರದಲ್ಲಿ ಅವಳ ಹೆಸರು, ನಂಬರು, ಅದರ ಕೆಳಗೆ "ಅಡ್ಡ ಆದರೆ ಫೋನ್ ಮಾಡಿ, ಬಂದೆ."

ಈ ‘ಬಂದೆ’ಯನ್ನು ನಾನು ಜೀವನವಿಡೀ ಆಡಿಕೊಂಡಿದ್ದೇನೆ. ಅಡುಗೆಮನೆಯಿಂದ "ಬಂದೆ" ಅಂದರೆ ಒಗ್ಗರಣೆಗೆ ಇನ್ನೂ ಎಣ್ಣೆ ಇಟ್ಟಿಲ್ಲ ಅಂತ ಅರ್ಥ. ಮದುವೆಮನೆಗೆ ಹೊರಡುವಾಗ ರೂಮಿನೊಳಗಿಂದ "ಬಂದೆ" ಅಂದರೆ ಸೀರೆ ಇನ್ನೂ ಬೀರುವಿನಲ್ಲಿದೆ ಅಂತ. "ರೂಲ್ಸ್ ರೂಲ್ಸ್ ಅಂತೀಯಲ್ಲ, ಈ ಒಂದು ಮಾತಿಗೆ ನಿನಗೆ ಯಾರಾದ್ರೂ ಫೈನ್ ಹಾಕ್ಬೇಕು ಕಣೇ" ಅನ್ನುತ್ತಿದ್ದೆ. ಆದರೆ ಗಾಡಿ ತೆಗೆಯಿರಿ ಅಂತ ಫೋನ್ ಬಂದರೆ ಮಾತ್ರ ಊಟದ ಮಧ್ಯೆ ಎದ್ದು, ಎಂಜಲು ಕೈಯಲ್ಲೇ ಕೀ ಹುಡುಕಿಕೊಂಡು ಓಡುತ್ತಿದ್ದಳು. ಆಗ ಬಂದೆ ಅಂದರೆ ಬಂದಳು ಅಂತಲೇ.

ಸ್ಕೂಲು ಮುಚ್ಚಿದ ವರ್ಷ ಅವಳೇ ಹಠ ಹಿಡಿದು ನ್ಯೂಜಿಲೆಂಡಿಗೆ ಕರೆದುಕೊಂಡು ಹೋದಳು. ಒಳಗೇ ಹಾಸಿಗೆ, ಒಲೆ, ಸಿಂಕು ಇರುವ ದೊಡ್ಡ ವ್ಯಾನು. ಆ ದೇಶದಲ್ಲಿ ಗಾಡಿಯಲ್ಲೇ ಮಲಗಬಹುದು, ಆದರೆ ಮನಸ್ಸು ಬಂದ ಕಡೆಯಲ್ಲ. ಒಂದು ಕಡೆ ಒಂದೇ ರಾತ್ರಿ, ಇನ್ನೊಂದು ಕಡೆ ರಾತ್ರಿ ನಿಲ್ಲಿಸಲೇಬಾರದು, ಮತ್ತೊಂದು ಕಡೆ ಹಗಲು ಒಂದು ಗಂಟೆ ಮಾತ್ರ. ತಪ್ಪಿದರೆ ದಂಡ. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಅವಳಿಗೆ ತವರುಮನೆಗೆ ಬಂದಷ್ಟು ಸಂತೋಷ. ಕನ್ನಡಕ ಹಾಕಿಕೊಂಡು ಪ್ರತಿಯೊಂದು ಬೋರ್ಡನ್ನೂ ಎರಡೆರಡು ಸಲ ಓದುವಳು. ಬೆಳಗ್ಗೆ ಮಡಚುವ ಮೇಜಿನ ಮುಂದೆ ವಿಭೂತಿ ಹಚ್ಚಿಕೊಂಡು ಅವಳು ಲಿಂಗಪೂಜೆಗೆ ಕೂತರೆ, ನಾನು ಆ ಗೇಣುದ್ದದ ಒಲೆಯ ಮೇಲೆ ಉಪ್ಪಿಟ್ಟು ಕೆದಕುತ್ತಿದ್ದೆ. ಅಷ್ಟು ಸುಖವಾಗಿ ನಾವು ಯಾವತ್ತೂ ಇರಲಿಲ್ಲ.

"ದಂಡ ಹಾಕೋದಂದ್ರೆ ಹುಡುಗಾಟನಾ? ಪ್ರೂಫ್ ತೋರಿಸ್ಲಿ," ಅಂತ ಸಿರಿಯ ಮೇಲೆ ಕೂಗಾಡಿದೆ. "ನಿಮ್ಮಮ್ಮನ ಹೆಸರಿಗೆ ಒಂದು ಕಪ್ಪು ಚುಕ್ಕೆ ಇರ್ಲಿಲ್ಲ. ಸತ್ತಿದಾಳೆ, ವಾಪಸ್ ಮಾತಾಡಲ್ಲ ಅಂತ ಏನ್ ಬೇಕಾದ್ರೂ ಬರೀತಾರಾ? ನಾನು ಬಿಡಲ್ಲ. ತಪ್ಪಾಯ್ತು ಅಂತ ಬರೆದು ಕೊಡ್ಬೇಕು ಅವರು."

"ಫೋಟೋ ಇದೆ ಅಪ್ಪ," ಅಂದಳು ಸಿರಿ. ಒತ್ತಿದಳು.

ವ್ಯಾನಿನ ಮುಂಭಾಗದ ಫೋಟೋ. ಗಾಜಿನ ಮೇಲೆ ಮೋಡದ ನೆರಳು. ಗಾಜಿನ ಒಳಗೆ, ಸ್ಟಿಯರಿಂಗಿನ ಪಕ್ಕದಲ್ಲಿ, ಚೀಟಿ. ದಂಡ ಹಾಕುವವನು ಅದೇನೋ ಪರವಾನಗಿ ಇರಬೇಕು ಅಂದುಕೊಂಡು ಅದರದ್ದೇ ಇನ್ನೊಂದು ಫೋಟೋ ಹತ್ತಿರದಿಂದ ತೆಗೆದಿದ್ದ. ನಂಬರಿನ ಮೊದಲಿಗೆ ಇಂಡಿಯಾದ ತೊಂಬತ್ತೊಂದು ಅಂತ ಬೇರೆ ಸೇರಿಸಿದ್ದಾಳೆ. ಕೆಳಗೆ ಗುಂಡು ಗುಂಡಾದ ಕನ್ನಡ. ಅಡ್ಡ ಆದರೆ ಫೋನ್ ಮಾಡಿ, ಬಂದೆ.

ಆ ದಿನ ಯಾವುದು ಅಂತ ಗೊತ್ತಾಯಿತು.

ಸರೋವರದ ದಂಡೆಯ ಒಂದು ಸಣ್ಣ ಊರು. ಬೋರ್ಡು ಓದಿ "ಒಂದು ಗಂಟೆ ಅಷ್ಟೇ ರೀ, ಬೇಗ ನೋಡ್ಕೊಂಡು ಬಂದ್ಬಿಡೋಣ" ಅಂದವಳು ಅವಳೇ. ಚೀಟಿ ಇಡುತ್ತಿದ್ದಾಗ ನಾನು ನಕ್ಕಿದ್ದೆ. "ಇಲ್ಲಿ ಯಾರು ಓದ್ತಾರೆ ನಿನ್ನ ಕನ್ನಡನ? ಇಲ್ಲಿ ಫೋನ್ ಮಾಡಲ್ಲ ಕಣೇ, ನೆಟ್ಟಗೆ ಫೈನೇ." "ಕೈ ಸುಮ್ನಿರಲ್ಲ ರೀ," ಅಂದಿದ್ದಳು. ನೀರಿನ ತನಕ ಇಳಿದೆವು. ವಾಪಸ್ ಹತ್ತುವಾಗ ಅವಳಿಗೆ ಏದುಸಿರು ಬಂತು. ದಾರಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಏರು ದಾರಿ, ವಯಸ್ಸು ಬೇರೆ ಆಯಿತಲ್ಲ ಅಂತ ಇಬ್ಬರೂ ಅಂದುಕೊಂಡೆವು.

"ಟೈಮ್ ಆಗ್ತಾ ಬಂತು, ಏಳು," ಅಂದೆ.

"ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ರೀ."

"ಫೈನ್ ಹಾಕ್ತಾರೆ."

"ಹಾಕ್ಲಿ ಬಿಡಿ."

ನಾನು ಅವಳ ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

"ಚೀಟಿ ಇದೆಯಲ್ಲ, ಅಡ್ಡ ಆದ್ರೆ ಫೋನ್ ಮಾಡ್ತಾರೆ," ಅಂದು ಚಪ್ಪಲಿ ಬಿಟ್ಟು ಕಾಲು ಚಾಚಿದಳು. "ಇಷ್ಟು ವರ್ಷ ಪಕ್ಕದ ಸೀಟಲ್ಲಿ ಕೂತು ಬೇರೆಯವರ ಕಾಲು ನೋಡಿದ್ದಾಯ್ತು. ಕ್ಲಚ್ಚಾ, ಬ್ರೇಕಾ ಅಂತ. ಇವತ್ತು ಸುಮ್ನೆ ನೀರು ನೋಡ್ತೀನಿ."

ಎಷ್ಟು ಹೊತ್ತು ಕೂತೆವೋ. ದೊಡ್ಡ ಮಾತೇನೂ ಆಡಲಿಲ್ಲ. ಮನೆಯ ಮಲ್ಲಿಗೆ ಬಳ್ಳಿಗೆ ಮೇಲಿನ ಮನೆಯವರು ನೀರು ಹಾಕಿರುತ್ತಾರೋ ಇಲ್ಲವೋ ಅನ್ನುವುದೇ ದೊಡ್ಡ ಚರ್ಚೆ. ಆಮೇಲೆ ಅವಳು ನನ್ನ ಭುಜಕ್ಕೆ ತಲೆ ಆನಿಸಿದಳು. ಬೀದಿಯಲ್ಲಿ ಕೈ ಹಿಡಿದರೆ "ಏನ್ರೀ ಇದು, ಸ್ಟೂಡೆಂಟ್ಸ್ ನೋಡ್ತಾರೆ" ಅಂತ ಕೊಡವುತ್ತಿದ್ದವಳು, ನಾಲ್ಕು ಜನ ಓಡಾಡುವ ಜಾಗದಲ್ಲಿ ಹಾಗೇ ಒರಗಿಕೊಂಡಿದ್ದಳು. ನಾನು ಭುಜ ಅಲುಗಾಡಿಸದೆ ಕೂತಿದ್ದೆ. ಕೊನೆಗೆ ವ್ಯಾನಿನ ಹತ್ತಿರ ಬಂದಾಗ ಸುತ್ತ ಯಾರೂ ಇರಲಿಲ್ಲ, ಗಾಜಿನ ಮೇಲೆ ಏನೂ ಅಂಟಿಸಿರಲಿಲ್ಲ. "ನೋಡಿದ್ರಾ, ಯಾರಿಗೂ ಅಡ್ಡ ಆಗಿಲ್ಲ," ಅಂತ ಗೆದ್ದವಳ ಹಾಗೆ ಹೇಳಿದ್ದಳು.

ಊರಿಗೆ ಬಂದ ಮೇಲೂ ಆ ಏದುಸಿರು ಹೋಗಲಿಲ್ಲ. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಹೃದಯದ್ದು ಅಂದರು, ಆಪರೇಷನ್ ಅಂದರು. ಸ್ಟ್ರೆಚರ್ ಮೇಲೆ ಒಳಗೆ ಕರೆದುಕೊಂಡು ಹೋಗುವಾಗ, ಬಾಗಿಲು ಇನ್ನೇನು ಮುಚ್ಚಬೇಕು, ನನಗೆ ತಡೆಯಲಾಗದೆ "ಗಿರಿಜಾ" ಅಂತ ಕೂಗಿದೆ. ಯಾಕೆ ಕೂಗಿದೆನೋ. ಹೇಳುವುದು ಏನೂ ಇರಲಿಲ್ಲ. ಅವಳು ಮಲಗಿದಲ್ಲಿಂದಲೇ ಕೈ ಎತ್ತಿ "ಬಂದೆ" ಅಂದಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಕಾರಿನಲ್ಲಿ ಕೂರುತ್ತಿದ್ದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಲಿಂಗೈಕ್ಯರಾದರು ಅಂತ ಎಲ್ಲರೂ ಕೈ ಮುಗಿದರು. ನನಗೆ ಮಾತ್ರ ಅವಳು ಇನ್ನೂ ಎಲ್ಲೋ ಸೀರೆಯ ನೆರಿಗೆ ಹಿಡಿಯುತ್ತಿದ್ದಾಳೆ ಅನ್ನಿಸುತ್ತಿತ್ತು. ಅವಳ ಫೋನಿಗೆ ಇವತ್ತಿಗೂ ನಾನೇ ರೀಚಾರ್ಜ್ ಮಾಡಿಸುತ್ತೇನೆ, ದೇವರಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿಡುತ್ತೇನೆ. ಇದಕ್ಕೂ ಸಿರಿ ಬೈಯುತ್ತಾಳೆ.

"ಅಪ್ಪ, ಒಂದು ದಾರಿ ಇದೆ," ಅಂದಳು ಸಿರಿ. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಅವಳು ಕೆಲಸ ಮುಗಿಸುವ ಜಾತಿ. "ಡ್ರೈವರ್ ತೀರ್ಕೊಂಡಿದ್ರೆ ಇಲ್ಲಿ ಟಿಕ್ ಮಾಡಿ ಡೆತ್ ಸರ್ಟಿಫಿಕೇಟ್ ಹಾಕಿದ್ರೆ ಸಾಕಂತೆ. ಫೈನ್ ಪೂರ್ತಿ ಕ್ಯಾನ್ಸಲ್. ಅಮ್ಮನ ಹೆಸರಲ್ಲಿ ಏನೂ ಇರಲ್ಲ. ನಿಮಗೆ ಬೇಕಾಗಿದ್ದೂ ಅದೇ ತಾನೆ?"

"ಬೇಡ. ಕಟ್ಟು."

"ಏನು?"

"ದಂಡ ಕಟ್ಟು ಅಂದೆ."

"ಈಗ ತಾನೇ ಬಿಡಲ್ಲ ಅಂತ ಕೂಗಾಡಿದ್ರಿ! ಸುಮ್ನೆ ಯಾಕಪ್ಪ ಕಟ್ಟೋದು?"

"ನಾವು ಅಲ್ಲಿ ಕೂತಿದ್ವಿ ಕಣೇ," ಅಂದೆ. "ಬೋರ್ಡಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಹೊತ್ತು ಕೂತಿದ್ವಿ. ನಿಮ್ಮಮ್ಮನೇ ಹಾಕ್ಲಿ ಬಿಡಿ ಅಂದ್ಲು. ಅದನ್ನ ಕ್ಯಾನ್ಸಲ್ ಮಾಡಿದ್ರೆ ನಾವು ಕೂತೇ ಇಲ್ಲ ಅಂದಂಗಾಗುತ್ತೆ. ಅವಳು ಇಡೀ ಜನ್ಮದಲ್ಲಿ ನನಗೆ ಅಂತ ಮುರಿದಿದ್ದು ಅದೊಂದೇ ರೂಲ್ಸು."

ಸಿರಿ ತನ್ನ ಕಾರ್ಡಿನಿಂದಲೇ ಕಟ್ಟಿದಳು. ‘ಧನ್ಯವಾದ, ಗಿರಿಜಾದೇವಿ’ ಅಂತ ಇಂಗ್ಲಿಷಿನಲ್ಲಿ ಬಂತು. ಆಮೇಲೆ ಅವಳು ಮುಖ ತೊಳೆದುಕೊಂಡು, ಆ ಎರಡು ಫೋಟೋಗಳನ್ನು ಪ್ರಿಂಟ್ ಹಾಕಿಸಿಕೊಂಡು ಬರುತ್ತೇನೆ ಅಂತ ನಡೆದುಕೊಂಡೇ ಹೋದಳು.

ಅವಳು ಬೀದಿಯ ತಿರುವು ದಾಟಿರಬೇಕು, ದೇವರಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಗಿರಿಜೆಯ ಫೋನು. ಎತ್ತಿ ಕಿವಿಗೆ ಹಿಡಿದೆ.

"ಮೇಡಂ, ನೀರಿನ ಕ್ಯಾನ್ ಗಾಡಿ ಪಿಳ್ಳಣ್ಣ ಮಾತಾಡೋದು. ನಿಮ್ಮ ಕಾರು ಗೇಟಿಗೆ ಅಡ್ಡ ಆಗ್ಬುಟ್ಟಿದೆ. ಗಾಜಿನೊಳಗೆ ನಂಬರ್ ಇತ್ತು, ಮಾಡ್ದೆ. ಸ್ವಲ್ಪ ಬರ್ತೀರಾ?"

ಬೆಳಗ್ಗೆ ಓಡಿಸಿ ತಂದ ಸಿರಿ ಕಾರನ್ನು ಎದುರು ಮನೆಯ ಗೇಟಿನ ಮುಂದೆ ನಿಲ್ಲಿಸಿದ್ದಳು. ಚೀಟಿ ಅದರ ಜಾಗದಲ್ಲೇ ಇತ್ತು, ಅದನ್ನು ತೆಗೆಯಲು ಇಬ್ಬರಿಗೂ ಮನಸ್ಸು ಬಂದಿರಲಿಲ್ಲ. ಅವಳನ್ನು ಯಾರಾದರೂ ಬರ್ತೀರಾ ಅಂತ ಕೇಳಿ ಎಷ್ಟು ದಿನವಾಗಿತ್ತು! ಮೇಡಂ ಇಲ್ಲ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ.

"ಬಂದೆ," ಅಂದೆ.

ಕೀ ತೆಗೆದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದೆ. ಪಿಳ್ಳಣ್ಣ ನನ್ನನ್ನು, ನನ್ನ ಕೈಯ ಕೀಯನ್ನು ನೋಡಿ ಸಮಾಧಾನವಾಗಿ ಪಕ್ಕಕ್ಕೆ ಸರಿದ. ಬಾಗಿಲು ತೆಗೆದು ಅವಳ ಸೀಟಿನಲ್ಲಿ ಕೂತೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವುದು ನೆನಪಾಯಿತು. ಮುಂದಿನದು ನೆನಪಾಗಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ.

ಪಿಳ್ಳಣ್ಣ ಕಿಟಕಿಗೆ ಬಗ್ಗಿದ. "ಏನಾಯ್ತು ಸಾರ್, ಸ್ಟಾರ್ಟ್ ಆಗ್ತಿಲ್ವಾ?"

"ನನಗೆ ಓಡ್ಸೋಕೆ ಬರಲ್ಲಪ್ಪ."

"ಅಯ್ಯೋ, ಮತ್ತೆ ಬಂದೆ ಅಂದ್ರಲ್ಲ ಸಾರ್!"

"ಅವಳೂ ಹಂಗೇ ಅಂದಿದ್ಲು," ಅಂದೆ.