ಡೈನಮೈಟಿನವನಿಗೊಂದು ಹೆಣ್ಣು

"ಮುಟ್ಟಬೇಡಿ, ಗಡ್ಡ ಇನ್ನೂ ಒಣಗಿಲ್ಲ" ಎಂದಳು ಹೆಂಡತಿ ಅಲಮೇಲು.

ಪ್ರಹ್ಲಾದ್ ಕೈ ಹಿಂದೆಳೆದುಕೊಂಡ. ಈ ಸಲದ ಗೊಂಬೆ ಹಬ್ಬಕ್ಕೆ ಮಗಳು ಶ್ರೀಜಾ ವಿಜ್ಞಾನಿಗಳ ಗೊಂಬೆಗಳನ್ನು ಮಾಡಿದ್ದಳು. ಮೂರನೇ ಮೆಟ್ಟಿಲಲ್ಲಿ ನಿಂತವನು ಡೈನಮೈಟ್ ಕಂಡುಹಿಡಿದವನು. ಅಪ್ಪನ ಕಸುಬಿನ ಮೂಲಪುರುಷ ಎಂದು ಸೇರಿಸಿದಳಂತೆ. ಪ್ರಹ್ಲಾದನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಹ್ಯೂಸ್ಟನ್‌ನಲ್ಲಿ ಅವನದು ಎಣ್ಣೆ ಬಾವಿಗಳೊಳಗೆ ಸಿಡಿಸುವ ಮದ್ದಿನ ಕೆಲಸ. ವಾರವೆಲ್ಲ ಅಲ್ಲೇ ಸೈಪ್ರೆಸ್‌ನ ಬಾಡಿಗೆ ಕೋಣೆ, ಶನಿವಾರ ಭಾನುವಾರ ನಾಲ್ಕು ಗಂಟೆ ದೂರದ ಪ್ಲೇನೋದ ಈ ಸ್ವಂತ ಮನೆ. ಆರು ವರ್ಷದಿಂದ ಹೀಗೇ. ಈಗ ಲಾಸ್ ಕೊಲಿನಾಸ್‌ನಲ್ಲಿ, ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ, ಬೇರೆ ಕೆಲಸ ಸಿಕ್ಕಿತ್ತು. ಇವತ್ತು ಶುಕ್ರವಾರ, ರಜೆ ಹಾಕಿ ಬಂದಿದ್ದ. ಐದು ಗಂಟೆಗೆ ಆ ಕಂಪನಿಯವರ ಫೋನ್ ಬರುತ್ತದೆ, ಹೂಂ ಅನ್ನಬೇಕು. ಅದಕ್ಕೂ ಮೊದಲು ಮನೆಯಲ್ಲಿ ಯಾರಾದರೂ ಒಂದು ಸಲ 'ಬಂದುಬಿಡಿ' ಅನ್ನಬೇಕಿತ್ತು, ಅಷ್ಟೆ.

"ಏನು ಹೇಳ್ಲಿ ಅವರಿಗೆ?"

"ನಿಮಗೆ ಹೇಗನ್ಸುತ್ತೋ ಹಾಗೆ. ಉಸಲಿಗೆ ಒಂದು ದೊಡ್ಡ ಸೌಟು ಕೊಡಿ."

ಅವನು ಮೂರು ಡ್ರಾಯರ್ ಎಳೆದು ನೋಡಿದ.

"ಸಿಂಕ್ ಪಕ್ಕ, ಡ್ಯಾಡ್" ಎಂದಳು ಶ್ರೀಜಾ, ತಲೆಯೆತ್ತದೆ.

ನಾಲ್ಕು ಗಂಟೆಗೆ ಹೆಂಗಸರು ಬಂದರು. ಹಿಂದಿನ ಬೀದಿಯ ಸುಮಿತ್ರವ್ವ ಎಲ್ಲರಿಗಿಂತ ಮುಂದೆ, ಧಾರವಾಡದವರು, ಹಿರಿಯರು. ಶ್ರೀಜಾ ಅರ್ಧ ಇಂಗ್ಲಿಷಿನಲ್ಲಿ ಗಡ್ಡದವನ ಕಥೆ ಹೇಳಿದಳು. ಅವನ ಕಾರ್ಖಾನೆ ಸಿಡಿದು ತಮ್ಮ ಸತ್ತ. ಎರಡು ತಿಂಗಳೊಳಗೆ ಅವನು ಹೊಸ ಕಂಪನಿ ತೆರೆದ. ಸರ್ಕಾರ ಊರೊಳಗೆ ಬೇಡ ಎಂದದ್ದಕ್ಕೆ ಕೆರೆಯ ಮೇಲೆ, ದೋಣಿಯಲ್ಲಿ ಮದ್ದು ಮಾಡಿದ. ಆಮೇಲೆ ಇಪ್ಪತ್ತು ದೇಶಗಳಲ್ಲಿ ತೊಂಬತ್ತು ಕಾರ್ಖಾನೆ.

"ಮಕ್ಕಳೆಷ್ಟವಾ ಇವಗ?"

"ನೋ ಕಿಡ್ಸ್, ನೋ ವೈಫ್. ಆಲ್ವೇಸ್ ಟ್ರಾವೆಲಿಂಗ್."

"ಅಯ್ಯ, ಇಷ್ಟ ಗಳಿಸಿ ಒಬ್ಬಾಂವನ ಉಣತಿದ್ದನೇನು? ಹಬ್ಬದಾಗ ಹಿಂಗ ನಿಲ್ಲಿಸಬಾರದವಾ." ಸುಮಿತ್ರವ್ವ ಮೇಲಿನ ಮೆಟ್ಟಿಲಿಂದ ಪಟ್ಟದ ರಾಣಿಯನ್ನು ಎತ್ತಿ ಅವನ ಪಕ್ಕ ಇಟ್ಟು, ಇಬ್ಬರಿಗೂ ಕುಂಕುಮ ಹಚ್ಚಿದರು. "ಈಗ ಚೆಂದ ಆತು ನೋಡ್ರಿ."

ಅಲಮೇಲುವಿನ ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ಅದು. ರಾಜ ಒಬ್ಬನೇ ಮೇಲೆ ನಿಂತಿದ್ದ. ಮನೆಯೆಲ್ಲ ನಕ್ಕಿತು. ಅಲಮೇಲು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಪ್ರಹ್ಲಾದನೂ ನಕ್ಕ, ಅವಳು ರಾಣಿಯನ್ನು ವಾಪಸಿಡಲೆಂದು ಕಾದ. ಅವಳು ತಾಂಬೂಲ ಕೊಡಲು ಶುರುಮಾಡಿದಳು.

ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ತಡೆದ. "ಫೋನ್ ಬರೋಕೆ ಇನ್ನು ಹತ್ತು ನಿಮಿಷ ಇದೆ. ನಾನು ಬರೋದು ನಿಂಗೆ ಬೇಡ್ವಾ?"

"ಬೇಡ ಅಂತಲ್ಲ ರೀ." ಅವಳು ತಟ್ಟೆ ನೋಡುತ್ತ ಹೇಳಿದಳು. "ನಮಗೆ ಹೀಗೇ ಅಭ್ಯಾಸ ಆಗಿಹೋಗಿದೆ. ಆಮೇಲೆ ಮಾತಾಡೋಣ. ಎಲ್ಲಾರೂ ಕಾಯ್ತಿದಾರೆ, ಒಂದು ಫೋಟೋ ತೆಗೀರಿ."

ಅವರೆಲ್ಲ ಮೆಟ್ಟಿಲುಗಳ ಮುಂದೆ ಸಾಲಾಗಿ ನಿಂತರು. ಅವನು ಫೋನ್ ಎತ್ತಿ ಹಿಂದೆ ಸರಿದ.

"ಇನ್ನೂ ಹಿಂದಕ್ಕೆ ಹೋಗಿ, ಮೇಲಿಂದು ಕಾಣಲ್ಲ" ಎಂದಳು ಅಲಮೇಲು.

ಹಿಂದೆ ಸರಿದು, ಬಾಗಿಲು ತೆರೆದು, ಹೊಸಿಲು ದಾಟಿದ. ಕುತ್ತಿಗೆಗೆ ಬಿಸಿಲು ಬಿತ್ತು. ಇಲ್ಲಿಂದ ನೋಡಿದರೆ ಮನೆ ತುಂಬಿತ್ತು, ಫೋಟೋದಲ್ಲಿ ಯಾರೂ ಬಿಟ್ಟುಹೋಗಿರಲಿಲ್ಲ.

"ಎಲ್ಲಾ ಬಂತೇನ್ರಿ?" ಕೇಳಿದರು ಸುಮಿತ್ರವ್ವ.

"ಬಂತು."

"ಡ್ಯಾಡ್, ಏಸಿ ಹೊರಗೆ ಹೋಗ್ತಿದೆ!" ಶ್ರೀಜಾ ಓಡಿಬಂದು ಬಾಗಿಲು ತಳ್ಳಿದಳು. ಬೀಗ ತಾನಾಗಿ ಬಿತ್ತು. ಒಳಗೆ ಮತ್ತೆ ನಗು.

ಕೈಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಪ್ರಹ್ಲಾದ್ ಇನ್ನೂ ನಗುಮುಖದಲ್ಲೇ ಬೆರಳೆತ್ತಿದ. ಫೋನಿಗೋ, ಕಾಲಿಂಗ್ ಬೆಲ್ಲಿಗೋ ಎಂದು ಬೆರಳು ನಡುವೆಯೇ ನಿಂತಿತು.